ಗೆರೆಯ ಮೇಲಿನ ಜ್ವರ

ರುಶೆಂಜೆ ಗುಡ್ಡದ ಮೇಲೆ ಮಲೇರಿಯಾ ಇಲ್ಲ. ಹಾಗೆಂದು ಕಾಗದದಲ್ಲಿತ್ತು. ಕಾಗದ ಕ್ಯಾರಿಕುಂಡಳ ಹಳದಿ ಚೀಲದಲ್ಲಿತ್ತು. ಚೀಲ ಗುಡಿಸಲಿನ ಗೂಟಕ್ಕೆ ನೇತಾಡುತ್ತಿತ್ತು. ಅದರ ಕೆಳಗೆ, ಹುಲ್ಲಿನ ಹಾಸಿನ ಮೇಲೆ, ಅವಳ ಮಗಳು ನಿನ್ಸೀಮಾ ಮೂರು ದಿನದಿಂದ ನಡುಗುತ್ತಿದ್ದಳು.

ಹದಿಮೂರು ವರ್ಷದ ಹುಡುಗಿ. ಹಲ್ಲಿಗೆ ಹಲ್ಲು ಬಡಿಯುವ ಸದ್ದು ಹೊರಗೆ ಒಲೆಯ ಹತ್ತಿರ ಕೂತರೂ ಕೇಳುತ್ತಿತ್ತು. ಇದ್ದ ಎರಡು ಕಂಬಳಿ ಹೊದಿಸಿ, ಅದರ ಮೇಲೆ ಗೋಣಿ ಹಾಕಿ, ಅದರ ಮೇಲೆ ಕ್ಯಾರಿಕುಂಡ ತಾನೇ ಮಲಗಿ ಅದುಮಿ ಹಿಡಿದಿದ್ದಳು. ನಡುಕ ಅವಳ ಎದೆಯನ್ನು ಹಾದು ಅವಳ ಹಲ್ಲಿಗೂ ಬಂದಿತ್ತು. ಆಮೇಲೆ ನಡುಕ ನಿಂತು ಮೈ ಕಾದ ಹೆಂಚಾಗುತ್ತಿತ್ತು. ಆಮೇಲೆ ಬೆವರು. ಬೆವರಿಳಿದ ಮೇಲೆ ಹುಡುಗಿ ಎದ್ದು ಕೂತು, "ಅವ್ವಾ, ಗೆಣಸು ಐತಾ?" ಅನ್ನುತ್ತಿದ್ದಳು. ವಾಸಿಯಾಯಿತು ಎಂದು ತಾಯಿ ಉಸಿರು ಬಿಡುತ್ತಿದ್ದಳು.

ಇವತ್ತು ಬೆಳಿಗ್ಗೆ ಗೆಣಸು ಕೇಳಲಿಲ್ಲ. ಕರೆದರೆ ಓಗೊಡಲಿಲ್ಲ. ಕಣ್ಣು ತೆರೆದೇ ಇತ್ತು. ಆ ಕಣ್ಣು ಯಾರನ್ನೂ ನೋಡುತ್ತಿರಲಿಲ್ಲ.

ಹಳದಿ ಚೀಲ ಬಂದು ಎರಡು ವರ್ಷವಾಗಿತ್ತು. ಊರೂರಿಗೆ ಆರೋಗ್ಯ ಸೇವಕಿ ಬೇಕು, ಕಾಡಿನಿಂದ ಬಂದ ಬಟ್ವಾ ಜನರ ಕೇರಿಯಿಂದಲೂ ಒಬ್ಬಳಿರಲಿ ಎಂದು ಆರೋಗ್ಯ ಯೋಜನೆಯವರು ಹೇಳಿದಾಗ, ಕೇರಿಯ ಹದಿನಾಲ್ಕು ಗುಡಿಸಲುಗಳಲ್ಲಿ ಓದು ಬರಹ ಬರುತ್ತಿದ್ದವಳು ಕ್ಯಾರಿಕುಂಡ ಒಬ್ಬಳೇ. ಸಂಬಳವಿಲ್ಲ. ಚೀಲ ಕೊಟ್ಟರು. ಚೀಲದಲ್ಲಿ ಜ್ವರದ ಮಾತ್ರೆ, ಭೇದಿಗೆ ಪುಡಿ, ಒಂದು ಪೆನ್ನು, ಪ್ರಶ್ನೆಗಳ ಕಾಗದ. ಕಣಿವೆಯ ಸೇವಕಿಯರ ಚೀಲದಲ್ಲಿ ಇನ್ನೂ ಎರಡು ಸಾಮಾನು ಇರುತ್ತಿದ್ದವು: ಬೆರಳಿನ ಒಂದು ತೊಟ್ಟು ರಕ್ತದಲ್ಲಿ ಮಲೇರಿಯಾ ನೋಡುವ ಪಟ್ಟಿ, ಮತ್ತು ಮಲೇರಿಯಾದ ಮಾತ್ರೆ. ಗುಡ್ಡದ ಚೀಲದಲ್ಲಿ ಅವು ಇರಲಿಲ್ಲ. ತರಬೇತಿಯ ದಿನ ಗೋಡೆಗೆ ನಕ್ಷೆ ಅಂಟಿಸಿ ಅದರ ಮೇಲಿನ ಕೆಂಪು ಗೆರೆ ತೋರಿಸಿದ್ದರು. ಗೆರೆಯ ಕೆಳಗೆ ಸೊಳ್ಳೆ. ಗೆರೆಯ ಮೇಲೆ ಚಳಿ, ಅಲ್ಲಿ ಸೊಳ್ಳೆ ಬದುಕುವುದಿಲ್ಲ. ರುಶೆಂಜೆ ಗೆರೆಗಿಂತ ಮೇಲೆ.

ಆ ಗೆರೆಯನ್ನು ಯಾವ ಕಾಲದ ಚಳಿ ಅಳೆದು ಎಳೆದಿದ್ದರೋ. ಕ್ಯಾರಿಕುಂಡ ಚಿಕ್ಕವಳಿದ್ದಾಗ, ತಮ್ಮ ಜನರನ್ನೆಲ್ಲ ಕಾಡಿನಿಂದ ಹೊರಗಟ್ಟಿದ ಹೊಸತರಲ್ಲಿ, ಬೆಳಿಗ್ಗೆ ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿರುತ್ತಿತ್ತು. ಬರಿಗಾಲಿಗೆ ಗಾಜಿನ ಹಾಗೆ ಚುಚ್ಚುತ್ತಿತ್ತು. ಆ ಬಿಳುಪನ್ನು ಕಂಡು ಹತ್ತು ವರ್ಷವಾಯಿತು. ಮೊದಲು ಬಾಳೆ ಗೆರೆ ದಾಟಿ ಮೇಲೆ ಬಂತು. ಹೊಲಗಳ ಒಡೆಯರಾದ ಬಕಿಗಾ ರೈತರು ಗುಡ್ಡದ ನೆತ್ತಿಯಲ್ಲೂ ನೆಟ್ಟರು, ಗೊನೆ ಬಿಟ್ಟಿತು, ಎಲ್ಲರೂ ಹಿಗ್ಗಿದರು. ಬಾಳೆಯ ಹಿಂದೆಯೇ ಕಿವಿಯ ಹತ್ತಿರ ಗುಂಯ್ ಅನ್ನುವುದು ಬಂತು.

ಗುಡ್ಡದ ತುದಿಯಲ್ಲಿ ಬಕಿಗಾಗಳ ದೊಡ್ಡ ಕುಳ ತಿಬೆಸಿಗ್ವಾ ಒಂದು ವಸತಿಗೃಹ ಕಟ್ಟಿಸುತ್ತಿದ್ದ, ಕಾಡಿನಲ್ಲಿ ಗೊರಿಲ್ಲಾ ನೋಡಲು ಬರುವ ಪರದೇಶಿಗಳಿಗೆ. 'ಸೊಳ್ಳೆಯಿಲ್ಲದ ಗುಡ್ಡ' ಎಂದು ಅದಕ್ಕೆ ಆಗಲೇ ಫಲಕ ಬರೆಸಿದ್ದ. ಅದರ ಇಟ್ಟಿಗೆಗೆ ಮಣ್ಣು ತೆಗೆದದ್ದು ಬಟ್ವಾ ಕೇರಿಯ ಪಕ್ಕದಲ್ಲಿ. ತೆಗೆದವರು ಬಟ್ವಾಗಳು. ಉಳಿದ ಗುಂಡಿಗಳಲ್ಲಿ ಮಳೆಯ ನೀರು ನಿಂತು ಬಿಸಿಲಿಗೆ ಬೆಚ್ಚಗಾಗುತ್ತಿತ್ತು. ಸೊಳ್ಳೆಗೆ ಇನ್ನೇನು ಬೇಕು?

ಪ್ರಶ್ನೆಗಳ ಕಾಗದದಲ್ಲಿ ಮೊದಲ ಪ್ರಶ್ನೆ ಹೀಗಿತ್ತು: ಕಳೆದ ಎರಡು ವಾರದಲ್ಲಿ ಕಣಿವೆಯಲ್ಲಿ ಮಲಗಿದ್ದಿರಾ? ಹೌದು ಎಂದರೆ ಕೂಡಲೇ ಕಣಿವೆಯ ಆಸ್ಪತ್ರೆಗೆ ಕಳಿಸಿ. ಇಲ್ಲ ಎಂದರೆ ಮಲೇರಿಯಾ ಅಲ್ಲ, ಜ್ವರದ ಮಾತ್ರೆ ಕೊಡಿ.

ಎರಡು ವರ್ಷ ಈ ಪ್ರಶ್ನೆ ಕೇಳಿ ಕೇಳಿ ಗುಡ್ಡಕ್ಕೆ ಒಂದು ಹೊಸ ಅವಮಾನ ಅಂಟಿತ್ತು. ನಡುಗುವವರೆಲ್ಲ ಕಣಿವೆಯಲ್ಲಿ ಮಲಗಿ ಬಂದವರು. ಗಂಡಸಾದರೆ ಕುಡುಕ. ಹೆಣ್ಣಾದರೆ, "ಯಾರ ಹಾಸಿಗೇಲಿ ಹಿಡಿಸ್ಕೊಂಡ್ಯೇ ಜ್ವರಾನ?" ಎಂದು ನೀರಿನ ಹತ್ತಿರ ಬಕಿಗಾ ಹೆಂಗಸರು ಕೇಳುತ್ತಿದ್ದರು. ಬಟ್ವಾ ಹೆಂಗಸರು ಜ್ವರ ಬಂದರೆ ಗುಡಿಸಲ ಚಾಪೆ ಎಳೆದುಕೊಂಡು ಸುಮ್ಮನೆ ಮಲಗುವುದನ್ನು ಕಲಿತರು.

ಮಗಳಿಗೆ ಜ್ವರ ಬಂದ ಮೊದಲ ದಿನ ಕ್ಯಾರಿಕುಂಡ ಚೀಲದಿಂದ ಕಾಗದ ತೆಗೆದಳು. ಓದಿ ಕೇಳಿದಳು.

"ಕಣಿವೇಲಿ ಮಲಗಿದ್ಯಾ?"

"ಇಲ್ಲವ್ವಾ."

"ಸುಳ್ಳು ಹೇಳ್ಬೇಡ."

"ಎಲ್ಲೂ ಹೋಗಿಲ್ಲ. ನಿನ್ನ ಪಕ್ಕದಲ್ಲೇ ಮಲಗ್ತೀನಲ್ಲ."

ಕ್ಯಾರಿಕುಂಡ ಹೊಡೆದಳು. ಕಾದ ಕೆನ್ನೆ ಅಂಗೈಯನ್ನೇ ಸುಟ್ಟಿತು. ಹುಡುಗಿ ಅಳಲಿಲ್ಲ, ಮತ್ತೆ ಇಲ್ಲ ಅಂದಳು. ಆಗ ತಾಯಿ ನಂಬಿದಳು. ನಂಬಿ, ಕಾಗದದಲ್ಲಿ 'ಇಲ್ಲ' ಎಂಬಲ್ಲಿ ಗುರುತು ಹಾಕಿ, ಜ್ವರದ ಮಾತ್ರೆ ಕೊಟ್ಟಳು. ಮಲೇರಿಯಾ ಅಲ್ಲ. ಎರಡು ದಿನ ಹಾಗೇ ಹೋಯಿತು. ಮಗಳು ಒಂದು ಸುಳ್ಳು ಹೇಳಿದ್ದರೆ ಮೊದಲ ದಿನವೇ ಆಸ್ಪತ್ರೆಯಲ್ಲಿರುತ್ತಿದ್ದಳು. ನಿಜ ಹೇಳಿದಳು. ನಿಜವೇ ಮುಳುವಾಯಿತು.

ಬಾಗಿಲ ಚಾಪೆ ಸರಿಸಿ ತಮ್ಮ ಬಫಾಕಿ ಒಳಗೆ ಬಗ್ಗಿದ. ಆ ಹೆಸರಿಗೆ 'ಯಾತರಿಂದ ಸಾಯುತ್ತಾರೆ' ಎಂದರ್ಥ. ಅಕ್ಕನಿಗೂ ತಮ್ಮನಿಗೂ ನಡುವೆ ಹುಟ್ಟಿದ ಮೂವರನ್ನು ಹೂತ ಮೇಲೆ ಅವರವ್ವ ಇಟ್ಟ ಹೆಸರು.

"ಹೆಂಗವ್ಳೆ?"

"ಮಾತಾಡ್ತಿಲ್ಲ. ಕಣಿವೆ ಆಸ್ಪತ್ರೆಗೆ ಇಳಿಸ್ಬೇಕು. ಈಗಲೇ."

"ಬೆನ್ನಿಗೆ ಕಟ್ಕೊಳ್ಲಾ?"

ಇಬ್ಬರಿಗೂ ಒಂದೇ ನೆನಪು ಬಂದಿತ್ತು. ಹೋದ ಮಳೆಗಾಲದಲ್ಲಿ ಬಫಾಕಿ ತನ್ನ ಹೆಂಡತಿಯನ್ನು ಬೆನ್ನಿಗೆ ಕಟ್ಟಿಕೊಂಡು ಇಳಿದಿದ್ದ. ಎಚ್ಚರವಿಲ್ಲದ ಮೈ ಹಿಡಿದುಕೊಳ್ಳುವುದಿಲ್ಲ. ಹೆಜ್ಜೆಗೊಮ್ಮೆ ಜಾರುತ್ತದೆ, ಕತ್ತು ಹಿಂದಕ್ಕೆ ಬೀಳುತ್ತದೆ. ಮೂರು ಗಂಟೆಯ ಇಳಿಜಾರು. ಅರ್ಧ ದಾರಿಯಲ್ಲಿ ಅವಳಿಗೆ ವಾಂತಿ ಬಂದು ಗಂಟಲಲ್ಲೇ ಸಿಕ್ಕಿಕೊಂಡಿತು. ಬೆನ್ನ ಮೇಲಿನ ಭಾರ ಬೇರೆಯಾಯಿತು ಎಂದು ಅವನಿಗೆ ಗೊತ್ತಾಗಿತ್ತು. ಯಾಕೆ ಎಂದು ಗೊತ್ತಾಗಲಿಲ್ಲ. ಆಸ್ಪತ್ರೆಯ ಜಗುಲಿಯಲ್ಲಿ ಗಂಟು ಬಿಚ್ಚಿದಾಗ ತಣ್ಣಗಿದ್ದಳು.

"ಡೋಲಿ ಕೇಳ್ತೀನಿ," ಅಂದಳು ಕ್ಯಾರಿಕುಂಡ.

"ಇವತ್ತಾ? ಇವತ್ತು ಕಂಪಾಲದಿಂದ ದೊಡ್ಡ ಮನುಷ್ಯ ಬತ್ತಾವ್ನೆ, ಡೋಲಿ ನೋಡಕ್ಕೆ. ನಮ್ಮ ನಾಲ್ಕು ಜನಕ್ಕೂ ಹೇಳಿ ಕಳ್ಸವ್ರೆ. ಮೈ ತೊಳ್ಕೊಂಡು ಬನ್ನಿ ಅಂತ."

"ತೊಳ್ಕೊಂಡ್ಯಾ?"

"ಮುಖ ತೊಳ್ದೆ. ಇದು ತೊಳುದ್ರೆ ಹೋಗದಾ?" ಬಫಾಕಿ ಅಂಗಿ ಸರಿಸಿ ಹೆಗಲು ತೋರಿಸಿದ. ಗೊರಸಿನಷ್ಟು ಗಟ್ಟಿಯಾದ ಕಪ್ಪು ಗಂಟು.

ಡೋಲಿ ರುಶೆಂಜೆಯ ಹೆಮ್ಮೆ. ಬಿದಿರು ಹೆಣೆದ ಉದ್ದನೆಯ ಬುಟ್ಟಿ, ಎರಡು ಗಳು, ನಾಲ್ಕು ಹೆಗಲು. ರಸ್ತೆಯಿಲ್ಲದ ಗುಡ್ಡದಲ್ಲಿ ರೋಗಿಗೆ, ಬಸುರಿಗೆ, ಹೆಣಕ್ಕೆ ಅದೇ ಗಾಡಿ. ಪ್ರತಿ ಬಕಿಗಾ ಮನೆಯೂ ಡೋಲಿ ಸಂಘದಲ್ಲಿತ್ತು. ಸಂಘದಲ್ಲಿಲ್ಲದವನ ಒಲೆಗೆ ಕೆಂಡವನ್ನೂ ಕೊಡಬಾರದು ಎಂಬುದು ಅಲ್ಲಿನ ಕಟ್ಟಳೆ. ಮನೆಗೊಬ್ಬ ಗಂಡಸು ಸರದಿಯ ಮೇಲೆ ಹೊರಬೇಕು. ಹೊರಲು ಬೇಡವಾದವನು ತನ್ನ ಬದಲಿಗೆ ಬಟ್ವಾ ಒಬ್ಬನನ್ನು ಕಳಿಸಿ, ಸಂಜೆ ಅವನ ಮಡಿಲಿಗೆ ಒಂದಿಷ್ಟು ಆಲೂಗಡ್ಡೆ ಸುರಿಯಬಹುದು. ಬರಬರುತ್ತ ಎಲ್ಲರಿಗೂ ಬೇಡವಾಯಿತು. ಈಗ ನಾಲ್ಕೂ ಹೆಗಲು ಬಟ್ವಾಗಳದು. ಮೇಲೆ ಮಲಗುವ ಮೈ ಬಕಿಗಾಗಳದು. ಬಟ್ವಾ ಮಲಗಿದ ಬುಟ್ಟಿಯಲ್ಲಿ ತಮ್ಮ ಮನೆಯವರನ್ನು ಯಾರು ತಾನೇ ಮಲಗಿಸುತ್ತಾರೆ?

ನಾವೂ ವಂತಿಗೆ ಕೊಡುತ್ತೇವೆ, ಸಂಘಕ್ಕೆ ಸೇರಿಸಿಕೊಳ್ಳಿ ಎಂದು ಬಫಾಕಿ ಎರಡು ಸಲ ಕೇಳಿದ್ದ. ಸಂಘದ ಅಧ್ಯಕ್ಷ ತಿಬೆಸಿಗ್ವಾ ನಕ್ಕಿದ್ದ. "ನೀವು ಆಗಲೇ ಸಂಘದಲ್ಲೇ ಇದ್ದೀರಲ್ಲೋ, ಕೆಳಗಡೆ."

ಪಕ್ಕದ ಗುಡಿಸಲ ಮುದುಕಿಯನ್ನು ಮಗಳ ಹತ್ತಿರ ಕೂರಿಸಿ, ಕ್ಯಾರಿಕುಂಡ ಹಳದಿ ಚೀಲ ಹೆಗಲಿಗೆ ಹಾಕಿಕೊಂಡು ಚರ್ಚಿನ ಬಯಲಿಗೆ ಓಡಿದಳು. ಅಲ್ಲಿ ಎರಡು ಕಂಬಕ್ಕೆ ಬಟ್ಟೆಯ ಫಲಕ ಕಟ್ಟುತ್ತಿದ್ದರು. 'ಹವೆ ಬದಲಾದರೂ ಬಗ್ಗದ ಜನ' ಎಂದು ಅದರಲ್ಲಿತ್ತು. ಡೋಲಿಗೆ ಬಣ್ಣದ ಅಚ್ಚಿನ ಹೊಸ ಕಿಟೆಂಗೆ ಬಟ್ಟೆ ಹೊದಿಸಿ, ಗಳುಗಳಿಗೆ ಹೂವು ಸುತ್ತಿದ್ದರು. ತಿಬೆಸಿಗ್ವಾ ಕೋಟು ಹಾಕಿ ನಿಂತಿದ್ದ.

"ಅಧ್ಯಕ್ಷರೇ."

"ಬಾರಮ್ಮ ನಮ್ಮ ಡಾಕ್ಟ್ರಮ್ಮ. ಚೀಲ ತಂದ್ಯಾ, ಒಳ್ಳೇದು. ಅಲ್ಲಿ ಸಾಲಲ್ಲಿ ನಿಂತ್ಕೊ."

"ನನ್ನ ಮಗಳಿಗೆ ಜ್ವರ ತಲೆಗೇರಿದೆ. ಎಚ್ಚರ ಇಲ್ಲ. ಡೋಲಿ ಬೇಕು."

ತಿಬೆಸಿಗ್ವಾ ಸುತ್ತ ನೋಡಿದ. ದನಿ ಇಳಿಸಿದ. "ಯಾವ ಜ್ವರ?"

"ನಿಮಗೆ ಗೊತ್ತಿರೋ ಜ್ವರ."

ಅವನಿಗೆ ಗೊತ್ತಿತ್ತು. ಹೋದ ತಿಂಗಳು ಅವನ ಸೊಸೆ ಹೀಗೇ ನಡುಗಿದಾಗ ಪಟ್ಟಣದ ಅಂಗಡಿಯಿಂದ ಮಾತ್ರೆ ತರಿಸಿದ್ದ. ತಂದುಕೊಟ್ಟವನು ಬಫಾಕಿ.

"ನೋಡು ಕ್ಯಾರಿಕುಂಡಾ. ಇವತ್ತು ಆ ಹೆಸರು ಎತ್ತಬೇಡ. ಕಾರ್ಯಕ್ರಮ ಮುಗೀಲಿ, ಎರಡು ಗಂಟೆ ಅಷ್ಟೇ. ಆಮೇಲೆ ನಿಮ್ಮೋರೇ ಎತ್ಕೊಂಡು ಹೋಗ್ಲಿ."

"ಡೋಲೀಲಾ?"

"ಡೋಲೀಲಿ ಹೆಂಗಾಗುತ್ತೆ? ಆಮೇಲೆ ಯಾರು ಮಲಗ್ತಾರೆ ಅದ್ರಲ್ಲಿ? ಅವಳನ್ನ ಮಲಗ್ಸಕ್ಕೆ ನಮ್ಮ ಹಳೇ ಏಣಿ ಐತೆ, ಕೊಡ್ತೀನಿ. ನನ್ನನ್ನೇನು ಕಟುಕ ಅಂದ್ಕೊಂಡ್ಯಾ?"

ಎರಡು ಗಂಟೆ. ಆಮೇಲೆ ಮೂರು ಗಂಟೆಯ ಇಳಿಜಾರು. ಕ್ಯಾರಿಕುಂಡ ಲೆಕ್ಕ ಹಾಕಿದಳು. ಅವಳು ಯಾವಾಗಲೂ ಲೆಕ್ಕ ಹಾಕುವವಳು. ಯಾವ ಮಾತಿಗೆ ಯಾರ ಮುಖ ಗಂಟಿಕ್ಕುತ್ತದೆ, ಯಾವ ಮಾತಿಗೆ ನಾಳೆ ಹೊಲದ ಕೂಲಿ ತಪ್ಪುತ್ತದೆ ಎಂದು ತೂಗಿ ಬಾಯಿ ತೆರೆಯುವವಳು. ತೂಗಿದಳು. ಸಾಲಿಗೆ ಹೋಗಿ ನಿಂತಳು.

ಅತಿಥಿ ಬಂದ. ಸೆರುಂಕುಮಾ ಎಂದು ಹೆಸರು, ಯೋಜನೆಯ ಅಧಿಕಾರಿ. ದೊಡ್ಡ ಮೈ, ನಗುಮುಖ, ಬೆವರಿದ ಕತ್ತು. ಜೊತೆಗೆ ಕ್ಯಾಮೆರಾ ಹಿಡಿದ ಒಬ್ಬಳು. ಬಂದವರಿಗೆಲ್ಲ ಬಟ್ಟಲಿನಲ್ಲಿ ಜೋಳದ ಅಂಬಲಿ ಕೊಟ್ಟರು. ಡೋಲಿ ಹೊರುವ ನಾಲ್ವರಿಗೆ ಎಣ್ಣೆಯ ಡಬ್ಬಿ ಕತ್ತರಿಸಿ ಮಾಡಿದ ಕರಟಕ್ಕೆ ಎತ್ತರದಿಂದ ಸುರಿದರು, ಪಾತ್ರೆ ತಾಗದ ಹಾಗೆ. ಒಂದೇ ಕರಟ, ನಾಲ್ವರಿಗೂ. ಕ್ಯಾರಿಕುಂಡಳಿಗೆ ಆರೋಗ್ಯ ಸೇವಕಿ ಎಂದು ಬಟ್ಟಲು ಕೊಡಬೇಕೋ ಕರಟ ಕೊಡಬೇಕೋ ಗೊತ್ತಾಗದೆ, ಏನೂ ಕೊಡಲಿಲ್ಲ.

ಸೆರುಂಕುಮಾ ಮಾತಾಡಿದ. "ಹವೆ ಬದಲಾಗ್ತಿದೆ. ಮಳೆ ಬದಲಾಗ್ತಿದೆ. ಕಾಯಿಲೆಗಳು ಜಾಗ ಬದಲಾಯಿಸ್ತಿವೆ. ಸರ್ಕಾರ ಒಂದೇ ಎಲ್ಲಾ ಮಾಡೋಕಾಗಲ್ಲ. ಜನ ತಮ್ಮ ಕೈಲಿರೋದನ್ನ ಬಳಸ್ಕೋಬೇಕು. ಈ ಡೋಲಿ ನೋಡಿ. ಇಂಧನ ಬೇಡ, ಹೊಗೆ ಇಲ್ಲ. ಇಂಥದ್ದನ್ನ ನಮ್ಮ ಹೊಸ ಯೋಜನೆಯ ಪುಸ್ತಕದಲ್ಲಿ ಮೊದಲ ಪುಟಕ್ಕೆ ಹಾಕ್ತೀವಿ."

ಚಪ್ಪಾಳೆ ಬಿತ್ತು. ಅವನು ಸಾಲಿನ ಮುಂದೆ ನಡೆಯುತ್ತ ಬಂದು ಹಳದಿ ಚೀಲದ ಎದುರು ನಿಂತ.

"ಗುಡ್ಡದಲ್ಲಿ ಯಾವ ಕಾಯಿಲೆ ಜಾಸ್ತಿ, ಅಮ್ಮ?"

ತಿಬೆಸಿಗ್ವಾ ನಡುವೆ ಬಾಯಿ ಹಾಕಿದ. "ನೆಗಡಿ ಕೆಮ್ಮು ಸರ್. ಚಳಿ ಜಾಗ ಅಲ್ವಾ."

"ಜ್ವರ," ಅಂದಳು ಕ್ಯಾರಿಕುಂಡ.

"ಹೂಂ, ಕಣಿವೆಗೆ ಹೋಗಿ ಬಂದವರಿಗೆ, ಅಲ್ವಾ?" ಎಂದು ತಲೆಯಾಡಿಸಿ ಅವನು ಮುಂದೆ ಹೋದ.

ಇಲ್ಲ ಎನ್ನಬೇಕಿತ್ತು. ಮಗಳು ಹೇಳಿದ ಹಾಗೆ. ಹೊಡೆಸಿಕೊಂಡ ಮೇಲೂ ಹೇಳಿದ ಹಾಗೆ. ಕ್ಯಾರಿಕುಂಡ ಹೇಳಲಿಲ್ಲ. ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ರೋಗಿಯ ಹಾಗೆ ಮಲಗಲು ತಿಬೆಸಿಗ್ವಾನ ಅಣ್ಣನ ಮಗಳನ್ನು ತಯಾರು ಮಾಡಿದ್ದರು. ಅವಳು ಎಣ್ಣೆ ಹಾಕಿ ಬಾಚಿಕೊಂಡು ನಾಚುತ್ತ ನಿಂತಿದ್ದಳು. ಸೆರುಂಕುಮಾ ಡೋಲಿಯ ಬಟ್ಟೆ ಮುಟ್ಟಿ ನೋಡಿದ. "ಒಂದು ಕೆಲಸ ಮಾಡೋಣ. ನಾನೇ ಮಲಗ್ತೀನಿ. ರೋಗಿಗೆ ಹೇಗನ್ಸುತ್ತೆ ಅಂತ ಗೊತ್ತಾಗ್ಬೇಕಲ್ಲ."

ಬಯಲೆಲ್ಲ ನಕ್ಕಿತು. ಅವನು ಬೂಟು ಸಮೇತ ಬುಟ್ಟಿಯಲ್ಲಿ ಮಲಗಿದ. ಬಿದಿರು ಕಿರುಗುಟ್ಟಿತು. ನಾಲ್ವರು ಬಗ್ಗಿ, ಗಳುಗಳಿಗೆ ಹೆಗಲು ಕೊಟ್ಟು, ಒಂದೇ ಉಸಿರಿಗೆ ಎದ್ದರು. ಮುಂದಿನ ಬಲಗಡೆ ಬಫಾಕಿ. ಅವನ ಕತ್ತಿನ ನರ ಹಗ್ಗದ ಹಾಗೆ ಉಬ್ಬಿತು. ನಾಲ್ವರ ಹೊಟ್ಟೆಯಲ್ಲೂ ಬೆಳಗಿನಿಂದ ಒಂದು ಕರಟ ಅಂಬಲಿ ಬಿಟ್ಟರೆ ಏನೂ ಇರಲಿಲ್ಲ.

"ಆಹಾ, ತೊಟ್ಟಿಲು," ಅಂದ ಸೆರುಂಕುಮಾ ಆಕಾಶ ನೋಡುತ್ತ. "ನಿದ್ದೆ ಬರೋ ಹಾಗಿದೆ."

"ಬಯಲು ಒಂದು ಸುತ್ತು ಹಾಕ್ಸಿ ತನ್ರೋ," ಎಂದು ತಿಬೆಸಿಗ್ವಾ ಕೂಗಿದ. "ನಿಧಾನ. ಬೀಳ್ಸಿದ್ರೆ ಚರ್ಮ ಸುಲೀತೀನಿ."

ಬಯಲಿನ ತುದಿಯಲ್ಲಿ ದಾರಿ ಎರಡಾಗುತ್ತದೆ. ಬಲಕ್ಕೆ ತಿರುಗಿದರೆ ಚರ್ಚು ಸುತ್ತಿ ಮತ್ತೆ ಬಯಲಿಗೆ. ಎಡಕ್ಕೆ ಇಟ್ಟಿಗೆಯ ಗುಂಡಿಗಳ ಅಂಚಿನಲ್ಲೇ ಬಟ್ವಾ ಕೇರಿಗೆ. ಸಾಲಿನ ಕೊನೆಯಲ್ಲಿ, ದಾರಿ ಒಡೆಯುವಲ್ಲೇ, ಕ್ಯಾರಿಕುಂಡ ನಿಂತಿದ್ದಳು. ಡೋಲಿ ಹತ್ತಿರ ಬಂತು. ಹೂವಿನ ಗಳು, ಕಿಟೆಂಗೆಯ ಅಂಚಿನಾಚೆ ಎರಡು ಬೂಟು, ಅದರ ಕೆಳಗೆ ತಮ್ಮನ ಮುಖ. ಬಫಾಕಿ ಅವಳ ಎದುರು ಹೆಜ್ಜೆ ನಿಲ್ಲಿಸಿದ. ಮಿಕ್ಕ ಮೂವರೂ ನಿಂತರು.

"ಅಕ್ಕಾ," ಅಂದ. ಉಸಿರು ಸಿಗದೆ ದನಿ ಮುರಿದಿತ್ತು. "ಯಾವ ಕಡೆ?"

ಕ್ಯಾರಿಕುಂಡ ಈ ಸಲ ತೂಗಲಿಲ್ಲ.

"ಎಡಕ್ಕೆ."

ಡೋಲಿ ಎಡಕ್ಕೆ ತಿರುಗಿತು.

ಮೊದಲು ಯಾರಿಗೂ ಅರ್ಥವಾಗಲಿಲ್ಲ. ದಾರಿ ತಪ್ಪಿದರು ಎಂದುಕೊಂಡು ನಕ್ಕರು. ಆಮೇಲೆ ತಿಬೆಸಿಗ್ವಾ ಓಡಿ ಬರತೊಡಗಿದ. ಕೋಟಿನ ಗುಂಡಿ ಕಿತ್ತುಹೋಯಿತು. "ಏಯ್, ಎಲ್ಲಿಗೋ? ಏಯ್ ಕಾಡುನಾಯಿಗಳಾ, ನಿಲ್ಸ್ರೋ." ನಾಲ್ವರೂ ನಿಲ್ಲಿಸಲಿಲ್ಲ. ಹೆಗಲ ಮೇಲೆ ಮನುಷ್ಯ ಇರುವಾಗ ಅವರನ್ನು ತಡೆದು ಎಳೆಯುವ ಹಾಗಿಲ್ಲ. ಹೊರುವವರಿಗೆ ಇದ್ದ ಬಲ ಅದೊಂದೇ. ಇಷ್ಟು ವರ್ಷ ಅದು ಅವರಿಗೆ ಹೊಳೆದಿರಲಿಲ್ಲ.

ಗುಂಡಿಗಳ ಅಂಚಿನಲ್ಲಿ ಸೊಳ್ಳೆ ಎದ್ದವು. ಬುಟ್ಟಿಯಲ್ಲಿ ಮಲಗಿದ್ದವನು ತನ್ನ ಕೆನ್ನೆಗೆ ತಾನೇ ಹೊಡೆದುಕೊಂಡ. ಇನ್ನೊಮ್ಮೆ ಹೊಡೆದುಕೊಂಡ.

ಗುಡಿಸಲ ಮುಂದೆ ಡೋಲಿ ಇಳಿಯಿತು.

"ಇಳೀರಿ ಸ್ವಾಮಿ," ಅಂದ ಬಫಾಕಿ.

"ಏನಪ್ಪಾ ಇದು, ಎಲ್ಲಿಗೆ ತಂದ್ರಿ?"

"ರೋಗಿ ಹತ್ರ. ನೀವು ರೋಗಿ ಅಲ್ಲ. ಇಳೀರಿ."

ಸೆರುಂಕುಮಾ ಎದ್ದು ನಿಂತ. ಕೈಯಲ್ಲಿ ಸೊಳ್ಳೆಯ ರಕ್ತ ಅಂಟಿತ್ತು. ಬಗ್ಗಿ ಗುಡಿಸಲೊಳಗೆ ನೋಡಿದ. ನಿನ್ಸೀಮಾಳ ಮೈ ಆಗ ಬಿಲ್ಲಿನ ಹಾಗೆ ಸೆಟೆದಿತ್ತು, ಬಾಯಲ್ಲಿ ನೊರೆ. ಮುದುಕಿ ಅವಳ ಹಲ್ಲಿನ ನಡುವೆ ಬಟ್ಟೆ ತುರುಕಲು ಹೆಣಗುತ್ತಿದ್ದಳು. ಅವನ ನಗು ಎಲ್ಲಿಗೋ ಹೋಯಿತು. "ತಗೊಂಡು ಹೋಗಿ," ಅಂದ. "ಬೇಗ." ಮರುಗಳಿಗೆಗೆ ಕ್ಯಾಮೆರಾದವಳ ಕಡೆ ತಿರುಗಿ, ದನಿ ತಗ್ಗಿಸಿ, "ತೆಗಿ," ಅಂದ.

ಏದುಸಿರು ಬಿಡುತ್ತ ತಿಬೆಸಿಗ್ವಾ ಬಂದು ತಲುಪಿದ. ಬುಟ್ಟಿಯಲ್ಲಿ ಹುಡುಗಿಯನ್ನು ಮಲಗಿಸುತ್ತಿದ್ದುದನ್ನು ನೋಡಿದ. ಅತಿಥಿಯ ಎದುರು ಬೈಯಲಾಗಲಿಲ್ಲ. ಬಫಾಕಿಯ ಕಿವಿಗೆ ಬಾಯಿಟ್ಟು ಹೇಳಿದ, "ಸುಡಬೇಕಾಗುತ್ತೆ ಇದನ್ನ. ಗೊತ್ತೇನೋ?"

"ಸುಡಿ," ಅಂದ ಬಫಾಕಿ. "ಅವ್ಳು ಇಳಿದ್ಮೇಲೆ."

ಅದೇ ಮೊದಲು ಬಟ್ವಾ ಮೈಯೊಂದು ಆ ಗುಡ್ಡವನ್ನು ಮಲಗಿಕೊಂಡು ಇಳಿದದ್ದು. ಮೂರು ಗಂಟೆಯ ದಾರಿಯನ್ನು ಎರಡು ಗಂಟೆಯೊಳಗೆ ಓಡಿದರು. ಕಲ್ಲಿಗೆ ಬಡಿದು ಒಬ್ಬನ ಹೆಬ್ಬೆರಳ ಉಗುರು ಕಿತ್ತುಹೋಯಿತು, ಅವನು ಅದನ್ನು ಆಸ್ಪತ್ರೆಯ ಅಂಗಳದಲ್ಲಿ ನೋಡಿಕೊಂಡ. ಕ್ಯಾರಿಕುಂಡ ಪಕ್ಕದಲ್ಲಿ ಓಡುತ್ತ ಮಗಳ ತಲೆಯನ್ನು ಒಂದು ಕಡೆಗೆ ವಾಲಿಸಿ ಹಿಡಿದಿದ್ದಳು. ವಾಂತಿ ಬಂತು. ಹೊರಗೆ ಬಂತು.

ಕಣಿವೆಯ ಆಸ್ಪತ್ರೆಯಲ್ಲಿ ನರ್ಸು ಬೆರಳು ಚುಚ್ಚಿ ರಕ್ತವನ್ನು ಪಟ್ಟಿಗೆ ಹಾಕಿದಳು. ಎರಡು ಗೀಟು ಮೂಡಿದವು. ಮಲೇರಿಯಾ. ನರ್ಸು ದಪ್ಪ ಪುಸ್ತಕ ತೆರೆದಳು.

"ಯಾವ ಊರು?"

"ರುಶೆಂಜೆ."

ನರ್ಸು ಪೆನ್ನು ಎತ್ತಿ ಹಿಡಿದಳು. "ರುಶೆಂಜೆ ಅಂತ ಬರೆದ್ರೆ ಈ ಸೂಜಿ ಮದ್ದು ಕೊಡೋಕಾಗಲ್ಲ. ಆ ಗುಡ್ಡಕ್ಕೆ ಮಲೇರಿಯಾ ಔಷಧಿ ಇಲ್ಲ. ಲೆಕ್ಕ ಕೇಳ್ತಾರೆ. ಇವಳು ಇಲ್ಲಿ ಕಣಿವೇಲಿ ಮಲಗಿದ್ಲು ಅಂತ ಹೇಳು, ಬರ್ಕೋತೀನಿ."

"ಗುಡ್ಡದಿಂದ ಬಂದವರಿಗೆಲ್ಲ ಹೀಗೇ ಬರೀತೀರಾ?"

"ಬದುಕಿಸ್ಬೇಕಲ್ಲಮ್ಮ. ಈ ವರ್ಷ ನೂರರ ಮೇಲಾಯ್ತು. ಎಲ್ಲರೂ ಕಣಿವೇಲೇ ಮಲಗಿದ್ರು."

ಹಾಗಾದರೆ ಗೆರೆ ಯಾಕೆ ಅಲುಗಾಡುವುದಿಲ್ಲ ಎಂದು ಕ್ಯಾರಿಕುಂಡಳಿಗೆ ಆಗ ತಿಳಿಯಿತು. ಗುಡ್ಡದ ಜ್ವರವೆಲ್ಲ ಕಣಿವೆಯ ಪುಸ್ತಕದಲ್ಲಿತ್ತು. ಹೆಂಚಿನ ಬಿಸಿಯಿದ್ದ ಆ ಕೆನ್ನೆಯನ್ನು ನೋಡಿದಳು. ತಾನು ಹೊಡೆದ ಕೆನ್ನೆ.

"ಹೌದು," ಅಂದಳು. "ಕಣಿವೇಲಿ ಮಲಗಿದ್ಲು."

ನಿನ್ಸೀಮಾ ಬದುಕಿದಳು. ಐದನೆಯ ದಿನ ಗೆಣಸು ಕೇಳಿದಳು. ಎಡಗಿವಿ ಮಾತ್ರ ಮತ್ತೆ ಕೇಳಿಸಲಿಲ್ಲ. ಎರಡು ದಿನ ಮೊದಲು ತಂದಿದ್ದರೆ ಆ ಕಿವಿಯೂ ಉಳಿಯುತ್ತಿತ್ತೇನೋ ಎಂದಳು ನರ್ಸು.

ಗುಡ್ಡದಲ್ಲಿ ಡೋಲಿ ಸುಟ್ಟರು. ಚರ್ಚಿನ ಬಯಲಿನಲ್ಲೇ, ಕಿಟೆಂಗೆ ಬಟ್ಟೆ ಸಮೇತ. ಸಂಘದವರು ಹೊಸ ಬುಟ್ಟಿ ಹೆಣೆಸಿದರು. ಬಟ್ವಾಗಳನ್ನು ಹೊರಲು ಕರೆದರು. ನಾಲ್ವರೂ ಹೋಗಲಿಲ್ಲ. ಹೊಲಗಳಲ್ಲಿ ಅವರಿಗೆ ಕೂಲಿ ನಿಂತಿತು. ಕೇರಿಯ ಒಲೆಗಳು ಒಪ್ಪೊತ್ತಿಗೆ ಇಳಿದವು. ಬಕಿಗಾ ಗಂಡಸರು ಇಪ್ಪತ್ತು ವರ್ಷದ ಮೇಲೆ ಮೊದಲ ಸಲ ಗಳು ಹೊತ್ತರು, ಹೆಗಲಿಗೆ ಎಣ್ಣೆ ತಿಕ್ಕಿಸಿಕೊಂಡು ಬಟ್ವಾಗಳನ್ನು ಬೈದರು.

ಎರಡು ತಿಂಗಳಾದ ಮೇಲೆ ಸೆರುಂಕುಮಾ ಮತ್ತೆ ಬಂದ. ಈ ಸಲ ಫಲಕವಿಲ್ಲ, ಕೇರಿಗೇ ನೇರವಾಗಿ ನಡೆದು ಬಂದ. ಮೈಗೆಲ್ಲ ಸೊಳ್ಳೆಯ ಮುಲಾಮು ಹಚ್ಚಿಕೊಂಡಿದ್ದ, ವಾಸನೆ ಮೊದಲು ಬಂತು. ಕೈಯಲ್ಲಿ ಹೊಳೆಯುವ ಹೊಸ ಪುಸ್ತಕ. ಮುಖಪುಟದಲ್ಲಿ ನಿನ್ಸೀಮಾ ಡೋಲಿಯಲ್ಲಿದ್ದಳು. ನಾಲ್ಕು ಬಟ್ವಾ ಹೆಗಲು, ಗಳುಗಳಿಗೆ ಹೂವು. ಕೆಳಗೆ ಅದೇ ಮಾತು: ಹವೆ ಬದಲಾದರೂ ಬಗ್ಗದ ಜನ.

"ಇದು ಬರೀ ಮಾದರಿ ಪ್ರತಿ, ಅಮ್ಮ. ಅಚ್ಚಿಗೆ ಹೋಗೋ ಮುಂಚೆ ತಾಯಿಯ ಒಪ್ಪಿಗೆ ಬೇಕು. ಇಲ್ಲಿ ಒಂದು ಸಹಿ." ಅವನು ಕಾಗದ ಚಾಚಿದ. "ನಿಮ್ಮ ಮಗಳಿಂದ ತುಂಬಾ ಜನಕ್ಕೆ ಒಳ್ಳೇದಾಗುತ್ತೆ."

ಕ್ಯಾರಿಕುಂಡ ಕಾಗದ ತೆಗೆದುಕೊಳ್ಳಲಿಲ್ಲ. ಪುಸ್ತಕ ತೆಗೆದುಕೊಂಡಳು. ಕೂತು ಪುಟ ಮಗುಚಿದಳು. ಅವನು ನಿಂತೇ ಇದ್ದ. ಹದಿನೇಳನೆಯ ಪುಟದಲ್ಲಿ ನಕ್ಷೆ ಸಿಕ್ಕಿತು. ಬಣ್ಣ ಚೆನ್ನಾಗಿತ್ತು. ಕೆಂಪು ಗೆರೆ ಎಲ್ಲಿತ್ತೋ ಅಲ್ಲೇ ಇತ್ತು.

"ನಮ್ಮ ಗುಡ್ಡ ಇನ್ನೂ ಮೇಲೇ ಇದೆ," ಅಂದಳು.

"ಅದು ಆಸ್ಪತ್ರೆ ಪುಸ್ತಕದ ಲೆಕ್ಕದ ಮೇಲೆ ಮಾಡೋದಮ್ಮ. ಈ ಗುಡ್ಡದಿಂದ ಒಂದು ಮಲೇರಿಯಾನೂ ದಾಖಲಾಗಿಲ್ಲ. ನಾನೇನು ಮಾಡ್ಲಿ? ಐದು ವರ್ಷಕ್ಕೆ ಮತ್ತೆ ನೋಡ್ತಾರೆ."

"ನೀವು ಬಂದಿದ್ರಲ್ಲ. ನಿಮ್ಮ ಕೆನ್ನೆಗೆ ಕೂತಿತ್ತಲ್ಲ."

ಸೆರುಂಕುಮಾ ಮುಲಾಮು ಹಚ್ಚಿದ ಕೈಯನ್ನು ಉಜ್ಜಿಕೊಂಡ. "ನನ್ನ ಕೆನ್ನೆ ದಾಖಲೆ ಆಗಲ್ಲಮ್ಮ."

ಕ್ಯಾರಿಕುಂಡ ಆಗ ಕಾಗದ ಕೇಳಿ ತೆಗೆದುಕೊಂಡಳು. ಹಳದಿ ಚೀಲದಿಂದ ಯೋಜನೆಯವರೇ ಕೊಟ್ಟ ಪೆನ್ನು ತೆಗೆದಳು. ಸಹಿಯ ಜಾಗದಲ್ಲಿ, ಪದ ಪದ ನೋಡಿ, ನಿಧಾನವಾಗಿ ಬರೆದಳು: ಈ ಹುಡುಗಿ ನಿನ್ಸೀಮಾ. ಊರು ರುಶೆಂಜೆ, ಬಟ್ವಾ ಕೇರಿ. ಮಲೇರಿಯಾ ಬಂದದ್ದು ಇಲ್ಲಿ. ಇವಳು ಕಣಿವೆಯಲ್ಲಿ ಮಲಗಿರಲಿಲ್ಲ. ಮಲಗಿದ್ದಳು ಎಂದು ನಾನು ಹೇಳಿದ್ದು ಸುಳ್ಳು.

ಅವನು ಓದಿದ. ಬೆವರು ಒರೆಸಿಕೊಂಡ. "ಇಲ್ಲಿ ಇದೆಲ್ಲ ಬರೆಯೋ ಹಾಗಿಲ್ಲಮ್ಮ. ಸಹಿ ಮಾತ್ರ."

"ಎಲ್ಲಿ ಬರೀಬೇಕು ಹೇಳಿ. ಅಲ್ಲಿ ಬರೀತೀನಿ. ಆಮೇಲೆ ಸಹಿ."

ಸೆರುಂಕುಮಾ ಪುಸ್ತಕವನ್ನು ಅವಳ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡ. ಬೇಸರವಾದವನ ಹಾಗೆ ಹೇಳಿದ, "ಹಾಗಾದ್ರೆ ಬೇರೆ ಮಗುವಿನ ಫೋಟೊ ಹಾಕ್ಬೇಕಾಗುತ್ತೆ."

"ಹಾಕಿ," ಅಂದಳು ಕ್ಯಾರಿಕುಂಡ. ಎದ್ದಳು. ಪಕ್ಕದ ಗುಡಿಸಲ ಬಾಗಿಲಿಗೆ ಹೋಗಿ ಚಾಪೆ ಎತ್ತಿ ಹಿಡಿದಳು. "ಇಲ್ಲಿ ಇಬ್ರವ್ರೆ. ಆ ಗುಡಿಸಲಲ್ಲಿ ಒಬ್ಳು. ಆ ಕೊನೇದ್ರಲ್ಲಿ ಇಬ್ರು. ಬನ್ನಿ. ಯಾವುದು ಬೇಕು ನೋಡಿ ಆರಿಸ್ಕೊಳ್ಳಿ."

ಸೆರುಂಕುಮಾ ಅಲ್ಲಿಂದ ಕದಲಲಿಲ್ಲ.

ಅವಳು ಚಾಪೆ ಇಳಿಸಲಿಲ್ಲ. ಒಳಗೆ ಕತ್ತಲಿತ್ತು, ಮುಖಗಳು ಕಾಣುತ್ತಿರಲಿಲ್ಲ. ಹಲ್ಲಿಗೆ ಹಲ್ಲು ಬಡಿಯುವ ಸದ್ದು ಅವನು ನಿಂತಲ್ಲಿಗೂ ಕೇಳುತ್ತಿತ್ತು.